ಕೊನೆ ಹಾಡಬಾರದ ಹಾಡು

ಸಿಂಚನ ಬರೆದ ಕಾಮಿಕ್ಸಿನಲ್ಲಿ ನಮ್ಮ ಹಳೆಯ ಮನೆ ತುಂಬ ಚೆನ್ನಾಗಿದೆ. ನನ್ನ ಗಾಬರಿ ಶುರುವಾದದ್ದೇ ಅದನ್ನು ನೋಡಿ. ಹೆಂಚಿನ ಮೇಲೆ ಎಳೆ ಬಿಸಿಲು ಬಿದ್ದಿದೆ, ಜಗುಲಿಯ ಕಂಬಗಳು ನೆಟ್ಟಗೆ ನಿಂತಿವೆ, ನಾಯಿ ಕೂಡ ಉಂಡು ತಿಂದು ದುಂಡಗಿದೆ. ನಮ್ಮ ನಾಯಿಯ ಪಕ್ಕೆಲುಬನ್ನು ಬೀದಿಯಲ್ಲಿ ಹೋಗುವವರು ಎಣಿಸಬಹುದಿತ್ತು. ಸಿಂಚನ ನನ್ನ ಅಕ್ಕ ಜಯಮ್ಮನ ಮೊಮ್ಮಗಳು, ಮೈಸೂರಿನಲ್ಲಿ ಚಿತ್ರಕಲೆ ಓದುತ್ತಿದ್ದಾಳೆ. ಮೊನ್ನೆ ಹುಣಸೂರಿನ ನಮ್ಮ ಮನೆಗೆ ಬಂದವಳೇ ಚಪ್ಪಲಿಯನ್ನೂ ಸರಿಯಾಗಿ ಬಿಡದೆ ಆ ಪುಸ್ತಕವನ್ನು ನನ್ನ ತೊಡೆಯ ಮೇಲಿಟ್ಟಳು. ಇನ್ನೂ ಅಚ್ಚಾಗಿರಲಿಲ್ಲ, ಬಣ್ಣದ ಹಾಳೆಗಳನ್ನು ಸುರುಳಿ ತಂತಿ ಹಾಕಿ ಕಟ್ಟಿಸಿದ್ದಳು.

"ತಾತ, ಇದೆಲ್ಲ ನೀನು ಫೋನಲ್ಲಿ ಹೇಳಿದ್ದೇ. ತಪ್ಪಿದ್ರೆ ಈಗ್ಲೇ ಹೇಳ್ಬಿಡು, ಮುಂದಿನ ವಾರ ಅಚ್ಚಿಗೆ ಕೊಡ್ತೀನಿ. ಅಜ್ಜಿಗೆ ಇನ್ನೂ ತೋರಿಸಿಲ್ಲ. ಅಚ್ಚಾದ್ಮೇಲೆ ಕೈಗೆ ಕೊಟ್ಟು ಖುಷಿಪಡಿಸ್ಬೇಕು."

ಅವಳು ಹೇಳಿದ್ದು ನಿಜ. ಬಹಳ ದಿನಗಳಿಂದ ಭಾನುವಾರ ಬಂತೆಂದರೆ ಫೋನ್ ಮಾಡಿ ಹಳೆಯದನ್ನು ಕೇಳುತ್ತಿದ್ದಳು, ನಾನು ಹೇಳುತ್ತಿದ್ದೆ. ನನ್ನ ವಯಸ್ಸಿನವರನ್ನು ಯಾರಾದರೂ ಹಳೆಯದನ್ನು ಕೇಳಿದರೆ ಮುಗಿಯಿತು, ನಲ್ಲಿ ತಿರುಗಿಸಿದ ಹಾಗೆ. ನಾನು ಬಸ್ ಕಂಡಕ್ಟರ್ ಆಗಿದ್ದವನು. ಇಡೀ ಜೀವನ ಜನರಿಗೆ 'ಮುಂದಕ್ಕೆ ಹೋಗಿ, ಮುಂದಕ್ಕೆ ಹೋಗಿ' ಎಂದು ಕೂಗಿ, ನಿವೃತ್ತಿಯಾದ ಮೇಲೆ ನಾನೊಬ್ಬನೇ ಹಿಂದಕ್ಕೆ ಹೋಗುತ್ತಿದ್ದೇನೆ ಎಂದು ನನ್ನ ಹೆಂಡತಿ ರೇಗಿಸುತ್ತಾಳೆ. ಹುಡುಗಿಗೆ ನಾನು ಸುಳ್ಳು ಹೇಳಲಿಲ್ಲ. ಆದರೆ ಆಚೆಯಿಂದ ಎಳೆಯ ದನಿಯೊಂದು 'ಆಮೇಲೆ ತಾತ, ಆಮೇಲೆ?' ಎನ್ನುತ್ತಿರುವಾಗ ಕಹಿಯಾದದ್ದನ್ನು ಹೇಳಲು ಬಾಯಿ ಬರುವುದಿಲ್ಲ. ಮುದ್ದೆಯ ಹಬೆ ಹೇಳಿದೆ, ಉಪ್ಸಾರಿನ ಖಾರ ಹೇಳಿದೆ, ಹಾಡು ಹೇಳಿದೆ. ಒಂದು ಮಧ್ಯಾಹ್ನವನ್ನು ಮಾತ್ರ ಇಡಿಯಾಗಿ ಬಿಟ್ಟಿದ್ದೆ. ಪುಸ್ತಕದಲ್ಲಿಯೂ ಆ ಮಧ್ಯಾಹ್ನ ಇರಲಿಲ್ಲ, ಸಹಜವೇ.

ನಮ್ಮ ಮನೆ ಇದ್ದದ್ದು ಪಿರಿಯಾಪಟ್ಟಣದ ಕಡೆಯ ಒಂದು ಹಳ್ಳಿಯಲ್ಲಿ. ಮನೆ ಎಂದರೆ ಎರಡು ಮನೆ: ನಾವಿರುವುದು ಒಂದು, ಹೊಗೆಸೊಪ್ಪು ಇರುವುದು ಇನ್ನೊಂದು. ಎರಡನೆಯದಕ್ಕೆ ಬ್ಯಾರನ್ ಎನ್ನುತ್ತೇವೆ. ಎತ್ತರದ ಮಣ್ಣಿನ ಗೋಡೆಯ ಕೋಣೆ, ಒಳಗೆ ಗೋಡೆಯಿಂದ ಗೋಡೆಗೆ ಮರದ ಗಳುಗಳು, ಒಂದು ಸಾಲಿನ ಮೇಲೆ ಇನ್ನೊಂದು ಸಾಲು. ಹಸಿ ಸೊಪ್ಪನ್ನು ಕಡ್ಡಿಗಳಿಗೆ ಕಟ್ಟಿ ಆ ಗಳುಗಳ ಮೇಲೆ ಇಳಿಬಿಡುತ್ತಾರೆ. ನೆಲದ ಮೇಲೆ ದಪ್ಪನೆಯ ತಗಡಿನ ಕೊಳವೆ ಸುತ್ತಿ ಹೋಗಿರುತ್ತದೆ. ಹೊರಗಿನ ಒಲೆಗೆ ಸೌದೆ ಹಾಕಿದರೆ ಕೊಳವೆ ಕಾದು, ಆ ಕಾವಿಗೆ ಸೊಪ್ಪು ಮೆಲ್ಲಗೆ ಹಳದಿಯಾಗಿ ಹದಕ್ಕೆ ಬರುತ್ತದೆ. ಹೆಚ್ಚು ಕಡಿಮೆ ಒಂದು ವಾರ ಒಲೆ ಆರಬಾರದು, ಕಾವು ಏರುಪೇರಾಗಬಾರದು. ಒಣಗಿದ ಒಂದೇ ಒಂದು ಎಲೆ ಕೊಳವೆಯ ಮೇಲೆ ಬಿದ್ದರೂ ಬ್ಯಾರನ್ ಹೊತ್ತಿಕೊಳ್ಳುತ್ತದೆ. ಅದಕ್ಕೇ ಕೊಳವೆಗೆ ಹತ್ತಿರದ ಕೆಳಗಿನ ಸಾಲಿಗೆ ಯಾರೂ ಕಡ್ಡಿ ಏರಿಸುತ್ತಿರಲಿಲ್ಲ.

ಆ ವಾರ ಮನೆಯಲ್ಲಿ ಬಾಣಂತಿ ಇದ್ದ ಹಾಗೆ. ಬಾಗಿಲು ದಢಾರನೆ ಹಾಕಬಾರದು, ಬಿಂದಿಗೆ ಕುಕ್ಕಬಾರದು, ಯಾರೂ ಯಾರನ್ನೂ ಗದರಬಾರದು. ಅವ್ವನಿಗೂ ಚಿಕ್ಕಪ್ಪನ ಹೆಂಡತಿ ಚಿಕ್ಕವ್ವನಿಗೂ ಬೆಳಗಾದರೆ ಜಗಳ. ಹಿಂಡಿ ಯಾರು ಕಲಸಬೇಕು, ಹಾಲು ಯಾರು ಕರೆಯಬೇಕು, ಯಾರ ತವರಿನಿಂದ ಎಷ್ಟು ದಿನ ನೆಂಟರು ಬಂದು ಕೂತರು. ಒಲೆಗೆ ಬೆಂಕಿ ಇಟ್ಟ ಗಳಿಗೆಯಿಂದ ಇಬ್ಬರೂ ಮುಖ ಊದಿಸಿಕೊಂಡು ಸುಮ್ಮನಾಗುತ್ತಿದ್ದರು. ಬ್ಯಾರನ್ನಿನ ಬಾಗಿಲು ತೆಗೆದ ದಿನ, ಎಲ್ಲಿ ಬಿಟ್ಟಿದ್ದರೋ ಸರಿಯಾಗಿ ಆ ಮಾತಿನಿಂದಲೇ ಹಿಡಿದುಕೊಳ್ಳುತ್ತಿದ್ದರು. ಅಪ್ಪನ ಊಟ ಒಲೆಯ ಮುಂದೆಯೇ. ಗೋಡೆಯಲ್ಲಿ ಅಂಗೈಯಗಲದ ಒಂದು ಗಾಜಿನ ಕಿಂಡಿ ಇತ್ತು. ಅದರಲ್ಲಿ ಕಣ್ಣಿಟ್ಟು ಒಳಗೆ ತೂಗುಹಾಕಿದ್ದ ಥರ್ಮಾಮೀಟರಿನ ಗೆರೆ ಎಲ್ಲಿದೆ ಎಂದು ನೋಡಿ ಹೇಳುವುದು ನನ್ನ ಪಾಲಿನ ಕೆಲಸ. ಅಕ್ಷರ ಕಲಿಯುವ ಮೊದಲು ನಾನು ಆ ಗೆರೆಗೆ ಹೆದರುವುದನ್ನು ಕಲಿತೆ. ಇವತ್ತಿಗೂ ಗ್ಯಾಸ್ ಆರಿಸಿದ ಮೇಲೆ ಮತ್ತೆ ಬಂದು ನೋಡುತ್ತೇನೆ, ಬೀಗ ಹಾಕಿದ ಮೇಲೆ ಎಳೆದು ನೋಡುತ್ತೇನೆ, ಮಗಳು ಫೋನ್ ಎತ್ತದಿದ್ದರೆ ಕೆಟ್ಟದ್ದನ್ನೇ ಯೋಚಿಸುತ್ತೇನೆ. ಜನ ಇದನ್ನು ನನ್ನ ಸ್ವಭಾವ ಎನ್ನುತ್ತಾರೆ. ಅಲ್ಲ, ಇದು ಆ ಕಿಂಡಿಯ ಮುಂದೆ ನಿಂತು ಬಂದದ್ದು.

ಸೊಪ್ಪು ಕಟ್ಟುವ ಚಪ್ಪರದಲ್ಲಿ ದೊಡ್ಡವ್ವ ಹಾಡುತ್ತಿದ್ದಳು. ಅಪ್ಪನ ತಾಯಿಯನ್ನು ನಾವು ಕರೆಯುತ್ತಿದ್ದುದು ದೊಡ್ಡವ್ವ ಎಂದೇ. ಹೆಂಗಸರು ಸಾಲಾಗಿ ಕೂತು ಕಡ್ಡಿಗೆ ಸೊಪ್ಪು ಕಟ್ಟುವರು, ನಾವು ಮಕ್ಕಳು ಎಲೆ ಜೋಡಿಸಿ ಕೈಗೆ ಕೊಡುವುದು. ಸೊಪ್ಪಿನ ಅಂಟಿಗೆ ಕೈಯೆಲ್ಲ ಕಪ್ಪು. ದೊಡ್ಡವ್ವನ ಹಾಡಿನಲ್ಲಿ ಒಬ್ಬ ಗಂಧರ್ವ ತಂಬೂರಿ ಹಿಡಿದು ಭೂಮಿಗೆ ಇಳಿಯುತ್ತಾನೆ. ಹಸಿದ ಬೆಂಕಿ ಅವನನ್ನು ಅಡ್ಡಗಟ್ಟಿ ಮಣ್ಣಿನ ಮನೆಯೊಳಗೆ ಕೂಡಿಹಾಕುತ್ತದೆ. 'ನೀನು ಹಾಡುವಷ್ಟು ಹೊತ್ತು ನಾನು ಕೂತಿರುತ್ತೇನೆ, ಹಾಡು ಮುಗಿದರೆ ಎದ್ದು ನಿಲ್ಲುತ್ತೇನೆ' ಎನ್ನುತ್ತದೆ. ಗಂಧರ್ವ ಹಾಡುತ್ತಲೇ ಇರುತ್ತಾನೆ. ಕಾವಿಗೆ ತಂಬೂರಿಯ ತಂತಿ ಒಂದೊಂದಾಗಿ ಹರಿಯುತ್ತದೆ. ಕೊನೆಗೆ ಒಂದೇ ತಂತಿ ಉಳಿಯುತ್ತದೆ. ಅಲ್ಲಿಗೆ ಬಂದು ದೊಡ್ಡವ್ವ ಗಕ್ಕನೆ ನಿಲ್ಲಿಸುತ್ತಿದ್ದಳು.

"ಮುಂದಕ್ಕೇನಾಯ್ತು ದೊಡ್ಡವ್ವ?"

"ಒಲೆ ಉರೀತಾ ಅದೆ ಕಣ್ಲಾ. ಮುಂದಕ್ಕೆ ಹಾಡಿದ್ರೆ ಅದು ಎದ್ದು ನಿಂತದೆ. ಸುಮ್ಕಿರು."

ವರ್ಷದ ಕೊನೆಯ ಸೊಪ್ಪು ಇಳಿಸಿ, ಒಲೆಯ ಬೂದಿ ತಣ್ಣಗಾದ ಮೇಲೆ, ಒಲೆಬಾಯಿಗೆ ಅರಿಶಿನ ಕುಂಕುಮ ಇಟ್ಟು, ಕಾಯಿ ಒಡೆದು, ದೊಡ್ಡವ್ವ ಅದರ ಕಡೆ ಮುಖ ಮಾಡಿ ಕೂರುತ್ತಿದ್ದಳು. ಉಳಿದ ಹಾಡನ್ನು ಬಾಯೊಳಗೇ ಹೇಳಿ ಮುಗಿಸುತ್ತಿದ್ದಳು. ತುಟಿ ಅಲ್ಲಾಡುವುದು ಕಾಣುತ್ತಿತ್ತು, ಒಂದಕ್ಷರ ಕೇಳುತ್ತಿರಲಿಲ್ಲ. ಹತ್ತಿರ ಹೋದವರಿಗೆ ಅವಳ ಮೊಣಕೈ ಸಿಗುತ್ತಿತ್ತು. ಹಾಗಾಗಿ ನಾವೆಲ್ಲ ಅರ್ಧ ಹಾಡಿನ ಜೊತೆ ಬೆಳೆದೆವು. ಸಿಂಚನಳಿಗೆ ಇದನ್ನು ಹೇಳಿದಾಗ ಅವಳು ಫೋನಿನಲ್ಲೇ ಕಿರುಚಿ, ಎಷ್ಟು ಚೆಂದ ತಾತ ಎಂದಳು. ನನಗೂ ಚೆಂದವೆನ್ನಿಸಿತು. ಆಗ ಚಪ್ಪರದಲ್ಲಿ ಕೂತಿದ್ದ ಹುಡುಗನಿಗೆ ಚೆಂದವೆನ್ನಿಸಿರಲಿಲ್ಲ, ಹೆದರಿ ಒಲೆಯ ಕಡೆಗೇ ತಿರುಗಿ ತಿರುಗಿ ನೋಡುತ್ತಿದ್ದ. ಹಳೆಯದನ್ನು ನೆನೆಯುವುದರಲ್ಲಿ ಇದೇ ಮೋಸ. ಹೆದರಿಕೆಯನ್ನು ಹಿಂಡಿ ಚೆಲ್ಲಿ, ಹಾಡನ್ನು ಮಾತ್ರ ಇಟ್ಟುಕೊಳ್ಳುತ್ತೇವೆ.

ಅಕ್ಕನ ದನಿ ದೊಡ್ಡವ್ವನದಕ್ಕಿಂತ ಚೆನ್ನಾಗಿತ್ತು. ಹನ್ನೊಂದು ಹನ್ನೆರಡರ ಹುಡುಗಿ, ಹಾಡಿದರೆ ಕೂಲಿಗೆ ಬಂದ ಹೆಂಗಸರು ಕಟ್ಟುವುದನ್ನು ನಿಲ್ಲಿಸಿಬಿಡುತ್ತಾರೆ ಎಂದು ಅವ್ವ ಬೈಯುತ್ತಿದ್ದಳು. ಆ ವರ್ಷ ಸೊಪ್ಪು ಸೊಗಸಾಗಿ ಬಂದಿತ್ತು. ಬ್ಯಾರನ್ ತುಂಬಿ ಒಲೆ ಹಚ್ಚಿ ಕೆಲವು ದಿನವಾಗಿತ್ತು. ದೊಡ್ಡವ್ವ ಹಂಪಾಪುರದ ನೆಂಟರ ಮನೆಗೆ ಹೋಗಿದ್ದಳು. ಮಧ್ಯಾಹ್ನ ನಾನು ಜಗುಲಿಯಲ್ಲಿ ಉಣ್ಣುತ್ತಿದ್ದೆ. ಅಕ್ಕ ಚಪ್ಪರದಲ್ಲಿ ಕಡ್ಡಿ ಒಟ್ಟುತ್ತಾ ಒಬ್ಬಳೇ ಹಾಡಿಕೊಳ್ಳುತ್ತಿದ್ದಳು. ಆಮೇಲೆ ಬ್ಯಾರನ್ನಿನ ಒಳಗಿನಿಂದ ಯಾರೋ ರಾಗ ಎಳೆದಂತೆ ಒಂದು ಶಬ್ದ ಬಂತು. ನಾಯಿ ಎದ್ದು ನಿಂತಿತು. ಹೆಂಚುಗಳು ಪಟಪಟ ಸಿಡಿಯತೊಡಗಿದವು. ಅಪ್ಪ ಬಾಗಿಲು ಒದ್ದು ತೆಗೆದ, ತೆಗೆದದ್ದೇ ತಪ್ಪಾಯಿತು, ಗಾಳಿ ನುಗ್ಗಿ ಒಳಗಿದ್ದದ್ದೆಲ್ಲ ಒಂದೇ ಸಲಕ್ಕೆ ಭಗ್ಗೆಂದಿತು. ಊರಿನವರು ಬಾವಿಯಿಂದ ನೀರು ಎಳೆದು ಎರಚಿದರು, ಅದು ಮನೆಯನ್ನು ಉಳಿಸಿತು, ಬ್ಯಾರನ್ನನ್ನಲ್ಲ. ಎಲ್ಲರೂ ಬೂದಿಯ ಮುಂದೆ ನಿಂತಿರುವಾಗ ಚಿಕ್ಕವ್ವ ಅಕ್ಕನ ಕಡೆ ಕೈ ತೋರಿಸಿದಳು.

"ಇವ್ಳೇ! ಅತ್ತೆ ನಿಲ್ಸೋ ಜಾಗ ಆದ್ಮೇಲೂ ಹಾಡ್ತಾನೇ ಇದ್ಲು, ನಾನು ಕಿವಿಯಾರೆ ಕೇಳಿವ್ನಿ. ಕೊನೆ ಹಾಡ್ಬುಟ್ಲು ಕಣ್ರಪ್ಪೋ!"

ಯಾರೂ ಅಕ್ಕನಿಗೆ ಹೊಡೆಯಲಿಲ್ಲ. ಮಾರನೆಯ ದಿನ ದೊಡ್ಡವ್ವ ಬಂದಳು, ಬೂದಿ ನೋಡಿದಳು, ಚಿಕ್ಕವ್ವನ ಮಾತು ಕೇಳಿದಳು. ಅಕ್ಕನನ್ನು ಎದುರಿಗೆ ಕೂರಿಸಿಕೊಂಡು ಒಂದೇ ಮಾತು ಹೇಳಿದಳು.

"ಇನ್ಮ್ಯಾಕೆ ನೀನು ಹಾಡ್ಬ್ಯಾಡ."

ಅಕ್ಕ ಹಾಡಲಿಲ್ಲ. ಶಾಲೆಯ ಪ್ರಾರ್ಥನೆಗೂ ಅಲ್ಲ, ಮದುವೆಯ ಮನೆಯಲ್ಲಿ ಹೆಂಗಸರು ಎಳೆದು ಕೂರಿಸಿದಾಗಲೂ ಅಲ್ಲ, ಮಿರ್ಲೆಗೆ ಮದುವೆಯಾಗಿ ಹೋದ ಮೇಲೆ ತನ್ನ ಮಕ್ಕಳ ತೊಟ್ಟಿಲ ಮುಂದೆಯೂ ಅಲ್ಲ. ದೊಡ್ಡವ್ವ ಕೂಡ ಆ ಹಾಡನ್ನು ಮತ್ತೆ ಎತ್ತಲಿಲ್ಲ, ಕೊನೆಯನ್ನು ಯಾರಿಗೂ ಹೇಳದೆ ಸತ್ತಳು. ಹೊಸ ಬ್ಯಾರನ್ ಎದ್ದಿತು, ಸೊಪ್ಪು ಬೆಂದಿತು, ಊಟ ನಡೆಯಿತು. ಮನೆಯಲ್ಲಿ ಆ ಮಾತನ್ನು ಯಾರೂ ಆಡುತ್ತಿರಲಿಲ್ಲ. ನಾನು ದೊಡ್ಡವನಾದ ಮೇಲೆ ಹಾಡಿನಿಂದ ಬೆಂಕಿ ಬೀಳುತ್ತದೆಯೇ ಎಂದು ನನ್ನನ್ನೇ ಕೇಳಿಕೊಂಡು ನಕ್ಕಿದ್ದೇನೆ. ಆದರೂ ಒಳಗೆಲ್ಲೋ ಒಂದು ಮೂಲೆಯಲ್ಲಿ, ಹಾಡಿದಳೋ ಇಲ್ಲವೋ ಎಂಬ ಅನುಮಾನ ಇದ್ದೇ ಇತ್ತು. ನಂಬುವುದೂ ಇಲ್ಲ, ಬಿಡುವುದೂ ಇಲ್ಲ, ಅಂಥ ಅನುಮಾನ.

ಹೀಗಿರುವಾಗ ಕಾಮಿಕ್ಸಿನ ಕೊನೆಯ ಹಾಳೆ ತಿರುಗಿಸಿದೆ. ಅಲ್ಲಿ ಹಾಡಿಗೆ ಕೊನೆ ಇತ್ತು. ಕೊನೆಯ ತಂತಿಯೂ ಹರಿದು ಗಂಧರ್ವ ಕೈ ಚೆಲ್ಲಿ ಕೂತಿದ್ದಾನೆ. ಎದುರಿಗೆ ಬೆಂಕಿ, ದೊಡ್ಡ ಕಣ್ಣಿನ ಹೆಂಗಸಿನ ಹಾಗೆ. 'ನೀನು ಹಾಡಿದ್ದು ಸಾಕು, ಇನ್ನು ಕೂತು ಕೇಳು' ಎಂದು ಹೇಳಿ ಬೆಂಕಿಯೇ ಹಾಡತೊಡಗುತ್ತದೆ. ಹಾಳೆಯ ತುಂಬ ಕೆಂಪು, ಹಳದಿ, ಅದರ ನಡುವೆ ತೆರೆದ ಬಾಯಿ. ಸಿಂಚನ ಅಡುಗೆಮನೆಯಲ್ಲಿ ನನ್ನ ಹೆಂಡತಿಯ ಜೊತೆ ಹರಟುತ್ತಿದ್ದಳು. ಕೂಗಿ ಕರೆದೆ.

"ಈ ಕೊನೆ ಯಾರು ಹೇಳಿದ್ದು?"

"ಅಜ್ಜಿ. ನಿಂಗೆ ಗೊತ್ತಿಲ್ಲ ಅಂದ್ಯಲ್ಲ ತಾತ, ಅದಕ್ಕೆ ಅವರನ್ನ ಕೇಳ್ದೆ. ಯಾಕೆ, ಚೆನ್ನಾಗಿಲ್ವಾ?"

ಚೆನ್ನಾಗಿದೆ ಎಂದೆ. ಆ ಮಧ್ಯಾಹ್ನ ಬ್ಯಾರನ್ನಿನ ಒಳಗಿನಿಂದ ಬಂದ ರಾಗ ನನಗೆ ನೆನಪಿದೆ, ಅದನ್ನು ನಾನು ಯಾರಿಗೂ ಹೇಳಿಲ್ಲ. ಬೆಂಕಿ ಹಾಡಿದ್ದು ಹೌದು. ಹಾಗಾದರೆ ದೊಡ್ಡವ್ವನ ಕೊನೆ ಇದೇ ಇರಬೇಕು. ಅಕ್ಕನಿಗೆ ಅದು ಗೊತ್ತಿತ್ತು ಎಂದರೆ ಚಿಕ್ಕವ್ವ ಹೇಳಿದ್ದು ನಿಜ, ಅಕ್ಕ ಅವತ್ತು ಕೊನೆ ಹಾಡಿದ್ದಳು. ಹಾಡಿನಿಂದ ಬೆಂಕಿ ಬೀಳುವುದಿಲ್ಲ ಎಂದು ನನಗೆ ನಾನೇ ಎಷ್ಟು ಹೇಳಿಕೊಂಡರೂ ನನ್ನೊಳಗಿನ ಆ ಆರು ವರ್ಷದ ಹುಡುಗ ಒಪ್ಪಲಿಲ್ಲ. ಇದಕ್ಕಿಂತ ದೊಡ್ಡ ದಿಗಿಲೆಂದರೆ ಪುಸ್ತಕ ಅಚ್ಚಾಗುತ್ತದೆ, ಅಕ್ಕನ ಕೈಗೆ ಹೋಗುತ್ತದೆ. ಮೊಮ್ಮಗಳು ಖುಷಿಯಿಂದ ಕೊಡುವ ಪುಸ್ತಕದಲ್ಲಿ ಅಕ್ಕನೇ ಬಾಯಿ ತೆರೆದು ಹಾಡುತ್ತಿರುವ ಚಿತ್ರ ಪುಟ ಪುಟದಲ್ಲಿ. ಅವಳ ಎದೆಯಲ್ಲಿ ಏನಾದೀತು? ಈ ವಯಸ್ಸಿನಲ್ಲಿ ಬಿ.ಪಿ. ಬೇರೆ. ಪ್ರತಿಯನ್ನು ನಾನೇ ಇಟ್ಟುಕೊಂಡು, ಎರಡು ದಿನ ಟೈಮ್ ಕೊಡು ಎಂದು ಹುಡುಗಿಯನ್ನು ಕಳಿಸಿದೆ.

ಮಾರನೆಯ ಬೆಳಿಗ್ಗೆಯೇ ಕೃಷ್ಣರಾಜನಗರದ ಬಸ್ಸು ಹತ್ತಿ, ಅಲ್ಲಿಂದ ಮಿರ್ಲೆಗೆ ಹೋದೆ. ದಾರಿಯುದ್ದಕ್ಕೂ ಚೀಲವನ್ನು ಮಡಿಲಲ್ಲಿ ಹಿಡಿದು ಏನು ಹೇಳಬೇಕೆಂದು ಜೋಡಿಸಿಕೊಂಡೆ, ಜೋಡಿಸಿದ್ದು ಕಳಚಿತು. ಅಕ್ಕ ಹಿತ್ತಿಲ ಬಾಗಿಲಲ್ಲಿ ಕೂತು ನೆನೆಸಿದ ಅವರೆಕಾಳು ಹಿಚುಕುತ್ತಿದ್ದಳು. ಮಗ ಗದ್ದೆಯ ಕಡೆ ಹೋಗಿದ್ದ, ಸೊಸೆ ಅಂಗಡಿಗೆ.

"ಏನ್ಲಾ ಸಿದ್ದ, ಒಂದು ಫೋನ್ ಇಲ್ಲ ಗೀನ್ ಇಲ್ಲ. ಮನೇಲಿ ಎಲ್ರೂ ಸಂದಾಕವ್ರಾ?"

"ಎಲ್ಲ ಚೆನ್ನಾಗವ್ರೆ. ಸಿಂಚನ ಒಂದು ಪುಸ್ತಕ ಮಾಡವ್ಳೆ ಅಕ್ಕ. ನೀನೊಂದ್ಸಲ ನೋಡ್ಲಿ ಅಂತ."

"ಕೈ ಒದ್ದೆ ಕಣ. ನೀನೇ ತಿರುವು, ನೋಡ್ತೀನಿ."

ಒಂದೊಂದೇ ಹಾಳೆ ತಿರುವಿದೆ. ಕಣ್ಣು ಪುಸ್ತಕದ ಮೇಲೆ, ಪುಸ್ತಕಕ್ಕಿಂತ ಹೆಚ್ಚು ಅಕ್ಕನ ಮುಖದ ಮೇಲೆ. ನಾಯಿಯನ್ನು ನೋಡಿ ನಕ್ಕಳು. ಅಪ್ಪನ ಮೀಸೆ ನೋಡಿ, 'ಇಷ್ಟು ಮೀಸೆ ಎಲ್ಲಿತ್ತು ಅಪ್ಪುಂಗೆ, ಇಲಿ ಮೀಸೆ' ಎಂದಳು. ತಾನು ಹಾಡುತ್ತಿರುವ ಚಿತ್ರ ಬಂತು. ತಿರುವು ಎಂದು ಗದ್ದ ಆಡಿಸಿದಳು. ಅಪ್ಪ ಮುದ್ದೆ ಮುರಿದು ಮೊದಲ ತುಂಡನ್ನು ಅಕ್ಕನ ತಟ್ಟೆಗೆ ಹಾಕುತ್ತಿರುವ ಚಿತ್ರ ಬಂದಾಗ ಅವಳ ಕೈ ನಿಂತಿತು. ಅದು ನಾನೇ ಹೇಳಿದ್ದು. ಅಪ್ಪ ಅಕ್ಕನಿಗೆ ಹಾಕದೆ ತಾನು ತುತ್ತೆತ್ತುತ್ತಿರಲಿಲ್ಲ, ಅಷ್ಟು ಮುದ್ದು ಎಂದು ಸಿಂಚನಳಿಗೆ ನಾನು ಹೇಳಿದ್ದೆ. ಅಕ್ಕ ಆ ಹಾಳೆಯನ್ನೇ ನೋಡುತ್ತಿದ್ದಳು. ನನಗೆ ತಡೆಯಲಾಗಲಿಲ್ಲ, ಕೊನೆಯ ಹಾಳೆಗೆ ಹೋಗಿಬಿಟ್ಟೆ.

"ಅಕ್ಕ, ಈ ಕೊನೆ ನಿಂಗೆ ಯಾರು ಹೇಳಿದ್ದು? ದೊಡ್ಡವ್ವನಾ?"

"ದೊಡ್ಡವ್ವ ಯಾರಿಗೆ ಯೋಳವ್ಳೆ? ನಾನೇ ಕಟ್ಟಿದ್ದು. ಸಿಂಚನ ಮಗ ಕೊನೆ ಬೇಕು ಕೊನೆ ಬೇಕು ಅಂತ ಪ್ರಾಣ ತಿಂತಿತ್ತು. ಏನೋ ಒಂದು ಯೋಳ್ದೆ ಬುಡು."

"ಅಂಗಾದ್ರೆ ಅವತ್ತು?"

ಅಕ್ಕ ನನ್ನ ಮುಖ ನೋಡಿದಳು. ಯಾವತ್ತು ಎಂದು ಕೇಳಲಿಲ್ಲ.

"ಅವತ್ತು ನಂಗೆ ಕೊನೆ ಎಲ್ಲಿ ಗೊತ್ತಿತ್ತು, ಹಾಡಕ್ಕೆ? ಒಂದು ತಂತಿ ಉಳೀತಲ್ಲ, ಅಲ್ಲಿಗೆ ಬಂದು ನಿಲ್ಸಕ್ಕೆ ಭಯ ಆಯ್ತು. ದೊಡ್ಡವ್ವ ಊರಲ್ಲಿ ಬ್ಯಾರೆ ಇರ್ನಿಲ್ಲ. ನಿಲ್ಸಿದ್ರೆ ಬೆಂಕಿ ಎದ್ಬುಟ್ಟದು ಅಂತ ಮತ್ತೆ ಮೊದಲಿಂದ ಶುರು ಮಾಡ್ದೆ. ಚಿಕ್ಕವ್ವ ಕೇಳಿದ್ದು ಅದನ್ನ."

ಅಕ್ಕ ಒಂದು ಹಿಡಿ ಕಾಳು ತೆಗೆದುಕೊಂಡು ಮತ್ತೆ ಹಿಚುಕಲು ಶುರು ಮಾಡಿದಳು. ಹನ್ನೊಂದು ವರ್ಷದ ಹುಡುಗಿ ಒಬ್ಬಳೇ ಕೂತು, ಬೆಂಕಿ ಏಳದಿರಲಿ ಎಂದು ಹಾಡನ್ನು ಮುಗಿಯಗೊಡದೆ ಹಾಡುತ್ತಿದ್ದಳು. ನಮ್ಮ ಮನೆಯ ಹೆದರಿಕೆಯನ್ನು ಅವಳಷ್ಟು ನಿಷ್ಠೆಯಿಂದ ಯಾರೂ ಪಾಲಿಸಿರಲಿಲ್ಲ. ಕೊನೆ ಯಾರಿಗೂ ಗೊತ್ತಿಲ್ಲದ ಹಾಡಿನ ಕೊನೆಯನ್ನು ಅವಳು ಹಾಡಿದಳು ಎಂದು ಅಷ್ಟೂ ಜನ ನಂಬಿದೆವು. ಅಲ್ಲಿದ್ದ ಒಬ್ಬರಿಗಾದರೂ ಈ ಸಣ್ಣ ಲೆಕ್ಕ ಹೊಳೆಯಬಾರದಿತ್ತೇ?

"ಮತ್ತೆ ಬೆಂಕಿ ಹೆಂಗೆ ಬಿತ್ತು ಅಕ್ಕ?"

"ಆ ಸಲ ಸೊಪ್ಪು ಜಾಸ್ತಿ ಆಗಿತ್ತು. ಇಷ್ಟು ಉಳ್ಕತ್ತದಲ್ಲ ಅಂತ ಅಪ್ಪ ಕೆಳಗಿನ ಸಾಲ್ಗೂ ಕಡ್ಡಿ ಏರಿಸ್ತು. ಕಡ್ಡಿ ಎತ್ತಿ ಕೊಟ್ಟೋಳು ನಾನೇ. ಅಪ್ಪ, ಕೊಳವೆಗೆ ತಗಲ್ತದೆ ಅಂದೆ. ಏನೂ ಆಗಾಕಿಲ್ಲ ಕೊಡವ್ವ ಅಂತು."

"ಅದನ್ನ ಯಾಕೆ ಹೇಳ್ನಿಲ್ಲ ನೀನು?"

"ಬೂದಿ ಮುಂದೆ ಚಿಕ್ಕವ್ವ ಕೈ ತೋರ್ಸಿದ್ಲಲ್ಲ, ಆಗ ಅಪ್ಪ ನನ್ನ ಮುಖ ನೋಡ್ತು. ನಾನೂ ನೋಡ್ದೆ. ಯೋಳಿದ್ರೆ ದೊಡ್ಡವ್ವ ಅಪ್ಪುನ್ನ ಬುಡ್ತಿದ್ಲಾ? ಊರೋರು ಬುಡ್ತಿದ್ರಾ? ವರ್ಸದ ಅನ್ನ ಸುಟ್ಟೋನು ಅಂತ ಸಾಯಗಂಟ ಅನ್ನೋರು. ನಂಗಾದ್ರೆ ಹಾಡು ಬುಡು ಅಂದ್ರು ಅಷ್ಟೆಯ. ಬುಟ್ಟೆ."

ಮುದ್ದೆಯ ಚಿತ್ರದ ಮುಂದೆ ಅವಳ ಕೈ ಯಾಕೆ ನಿಂತಿತೆಂದು ನನಗೆ ಆಗ ಅರ್ಥವಾಯಿತು. ಎಷ್ಟೋ ಸಲ ನಾನು ಆ ಮೊದಲ ತುಂಡನ್ನು ನೆನೆದು ಕಣ್ಣು ಒದ್ದೆ ಮಾಡಿಕೊಂಡಿದ್ದೇನೆ, ಅಂಥ ಅಪ್ಪ ಯಾರಿಗೆ ಸಿಗುತ್ತಾನೆ ಎಂದು ಬಸ್ಸಿನಲ್ಲಿ ಡ್ರೈವರಿಗೂ ಹೇಳಿದ್ದೇನೆ. ನೆನೆದು ನೋಡಿದರೆ, ಅಪ್ಪ ಹಾಗೆ ಹಾಕಲು ಶುರು ಮಾಡಿದ್ದು ಬೆಂಕಿ ಬಿದ್ದ ಮೇಲೆ. ಅವನು ಕೆಟ್ಟವನಲ್ಲ. ಬಾಯಿಬಿಡಲಾರದೆ, ದಿನಾ ಎಲ್ಲರೆದುರು ಅವಳ ತಟ್ಟೆಗೆ ಬಗ್ಗುತ್ತಿದ್ದ. ನಾನು ಹಂಬಲಿಸುವ ಮನೆಯಲ್ಲಿ ಆ ಮಧ್ಯಾಹ್ನವೇ ಇಲ್ಲ. ಅಕ್ಕ ಇದ್ದದ್ದು ಆ ಮಧ್ಯಾಹ್ನ ಮುಗಿಯದ ಮನೆಯಲ್ಲಿ. ಒಂದೇ ಸೂರಿನ ಕೆಳಗೆ ಉಂಡವರು ನಾವು. ನನಗೆ ಅಪ್ಪನ ಮೇಲೆ ಸಿಟ್ಟು ಬಂತು, ಆ ಸಿಟ್ಟನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ.

ಅಷ್ಟರಲ್ಲಿ ನನ್ನ ಫೋನ್ ಬಡಿದುಕೊಂಡಿತು. ಸಿಂಚನ. ನಾನು ಮಿರ್ಲೆಯಲ್ಲಿದ್ದೇನೆ ಎಂದು ನನ್ನ ಹೆಂಡತಿ ಹೇಳಿಬಿಟ್ಟಿದ್ದಳು.

"ತಾತ, ಅಜ್ಜಿಗೆ ತೋರಿಸ್ಬಿಟ್ಯಾ? ಎಂಥ ತಾತ ನೀನು! ಹೋಗ್ಲಿ, ಅಜ್ಜಿಗೆ ಇಷ್ಟ ಆಯ್ತಾ? ಕೊನೇ ಪುಟ ನೋಡಿದ್ರಾ?"

ಅಕ್ಕ ಸೆರಗಿಗೆ ಕೈ ಒರೆಸಿಕೊಂಡು, ಇಲ್ಲಿ ಕೊಡು ಎಂದು ಫೋನ್ ತೆಗೆದುಕೊಂಡಳು. ಸ್ಪೀಕರ್ ಹಾಕಿಕೊಟ್ಟೆ.

"ಚೆನ್ನಾಗದೆ ಮಗ. ಆ ಕೊನೆ ಒಂದು ಕಿತ್ತಾಕ್ಬುಡು. ಅದು ನಾನು ಸುಮ್ಕೆ ಯೋಳಿದ್ದು."

"ಅಯ್ಯೋ, ಅದೇ ಚೆನ್ನಾಗಿರೋದು ಅಜ್ಜಿ! ಮತ್ತೆ ಅಲ್ಲಿ ಏನು ಬರೀಲಿ?"

ಅಕ್ಕ ಪುಸ್ತಕವನ್ನು ಹತ್ತಿರಕ್ಕೆ ಎಳೆದುಕೊಂಡು ತಾನು ಹಾಡುತ್ತಿರುವ ಹಾಳೆಗೆ ತಿರುವಿದಳು.

"ನಾನು ಬಾಯ್ಮುಚ್ಕೊಂಡು ಕುಂತಿರೋದ ಬರಿ."

ಆ ಕಡೆ ಹುಡುಗಿಗೆ ಏನರ್ಥವಾಯಿತೋ ಗೊತ್ತಿಲ್ಲ. ಬಹಳ ಮೆಲ್ಲಗೆ ಕೇಳಿದಳು.

"ಒಂದು ಪುಟ ಸಾಕಾ ಅಜ್ಜಿ?"

"ಒಂದು ಸಾಲಾಕಿಲ್ಲ ಮಗ," ಅಂದಳು ಅಕ್ಕ.